ಕೋಟೆಬಾಗಿಲು ಮತ್ತು ಎರಡು ಸಿಳ್ಳು

ಅಧ್ಯಾಯ ಒಂಬತ್ತು

"ಐದೇ ನಿಮಿಷ," ಎಂದ ದಫೇದಾರ ತೊರ್ಕ್ವಾತಿ. "ಅಳೋದಾದ್ರೆ ಅಷ್ಟರೊಳಗೇ ಅತ್ತು ಮುಗಿಸಿ. ಹನ್ನೆರಡೂವರೆ ರೈಲಿಗೆ ಇವನನ್ನ ಅಂಕೋನಾ ಜೈಲಿಗೆ ಸಾಗಿಸ್ಬೇಕು."

ನಾನು ಅಳಲಿಲ್ಲ. ಆ ಕೆಲಸವನ್ನು ನನ್ನ ತಮ್ಮ ಒತ್ತೊರೀನೊ ನಿನ್ನೆಯಿಂದ ಇಬ್ಬರ ಪಾಲಿಗೂ ಮಾಡುತ್ತಿದ್ದ. ಮೊಂತೆರೋಲದ ನಾಟಕಶಾಲೆಯ ಟಿಕೆಟ್ ಕೋಣೆಯಲ್ಲಿ, ಒಲೆಯ ಪಕ್ಕ, ಕೈಗೆ ಬೇಡಿ ಹಾಕಿಸಿಕೊಂಡು ಮುದುರಿ ಕೂತಿದ್ದ. ಇಪ್ಪತ್ತು ವರ್ಷದ ಆಳು, ಹಡಗಿನ ಹಾಯಿ ಎಳೆದು ಬೆಳೆದ ತೋಳು. ಈಗ ಮೂಗು ಒರೆಸಿಕೊಳ್ಳುವುದಕ್ಕೂ ಎರಡು ಕೈ ಒಟ್ಟಿಗೆ ಎತ್ತಬೇಕು. 

"ಅಕ್ಕಾ, ಸಿಳ್ಳು ಬಂತು, ಬಿಟ್ಟೆ. ಎರಡು ಗಿಡ್ಡ ಸಿಳ್ಳು. ಅಮ್ಮನಾಣೆ."

"ಇದನ್ನ ನೂರು ಸಲ ಹೇಳಿದೀಯ."

"ನೂರಾ ಒಂದನೇ ಸಲಾನೂ ಅದೇ ಹೇಳ್ತೀನಿ. ಬೇರೆ ಏನಾದ್ರೂ ಆಗಿದ್ರೆ ತಾನೇ ಬೇರೆ ಹೇಳೋದು?"

ನಿನ್ನೆ ಮಧ್ಯಾಹ್ನದ ತಾಲೀಮಿನಲ್ಲಿ, ಎರಡನೆಯ ಅಂಕದ ಬಿರುಗಾಳಿ ಹಾಡಿನ ನಡುವೆ, ಮರದ ಕೋಟೆಬಾಗಿಲು ಸ್ವರದ ಹಾಳೆಯಲ್ಲಿ ಒಂದು ಪುಟ ಮುಂಚಿತವಾಗಿ ರಂಗದ ಮೇಲಿನ ಅಟ್ಟದಿಂದ ಕೆಳಗೆ ಬಂದು ನಮ್ಮ ಕಂಪನಿಯ ನಾಯಕ ಗಾಯಕ ಲೆಯಾಂದ್ರೊ ನಿಂತಲ್ಲೇ ಸತ್ತಿದ್ದ. ಹಗ್ಗ ಹಿಡಿದಿದ್ದವನು ಒತ್ತೊರೀನೊ. ಅದಕ್ಕೆ ನಾಲ್ಕು ದಿನ ಮೊದಲು, ಹಿಂದಿನ ಊರಿನಲ್ಲಿ, ಲೆಯಾಂದ್ರೊ ಬಟ್ಟೆ ಕೋಣೆಯಲ್ಲಿ ನನ್ನ ಸೊಂಟಕ್ಕೆ ಕೈ ಹಾಕಿದನೆಂದು ಇದೇ ಮಹಾನುಭಾವ ಇಪ್ಪತ್ತು ಜನರ ಮುಂದೆ, "ನಿನ್ನ ತಲೆ ಮೇಲೆ ಕೋಟೆಬಾಗಿಲು ಕೆಡವ್ತೀನಿ ನೋಡ್ತಿರು" ಎಂದು ಕೂಗಾಡಿದ್ದ. ಬಾಯಿಗೆ ಬೀಗವಿಲ್ಲದ ಇವನನ್ನು ಹೆತ್ತು ನಮ್ಮಮ್ಮ ಕಣ್ಣು ಮುಚ್ಚಿದಳು. ಸಾಕಿದವಳು ನಾನು.

"ಮೂವತ್ತು ಜನ ವಾದ್ಯದವರು, ಹನ್ನೆರಡು ಜನ ಹಾಡೋರು," ದಫೇದಾರ ಬೆರಳು ಮಡಿಸಿದ. "ಒಬ್ಬರಿಗಾದ್ರೂ ಸಿಳ್ಳು ಕೇಳಿಸಿದೆಯಾ? ಸಿಳ್ಳು ಹಾಕ್ಬೇಕಾಗಿದ್ದ ಮೇಸ್ತ್ರಿ ಬಾಲ್ದೊ, ತುಟೀನೇ ಕೂಡಿಸಿಲ್ಲ ಅಂತ ಶಿಲುಬೆ ಮುಟ್ಟಿ ಹೇಳಿದಾನೆ. ಮತ್ತೆ ಹಾಕಿದ್ದು ಯಾರು, ಗಾಳೀನಾ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಟ್ಟದ ಮೇಲೆ ಹಗ್ಗ ಹಿಡಿಯುವವರೆಲ್ಲ ಹಳೇ ನಾವಿಕರು. ಅಲ್ಲಿಂದ ರಂಗ ಕಾಣುವುದಿಲ್ಲ, ಕೆಳಗಿನಿಂದ ಮೇಸ್ತ್ರಿ ಹಾಕುವ ಸಿಳ್ಳೇ ಸನ್ನೆ. ಉದ್ದ ಸಿಳ್ಳು ಒಂದಾದರೆ ಎತ್ತು, ಗಿಡ್ಡ ಸಿಳ್ಳು ಎರಡಾದರೆ ಬಿಡು. ಹಡಗಿನ ಅಪ್ಪಣೆಯೇ ಇಲ್ಲೂ ಅಪ್ಪಣೆ. ಅದಕ್ಕೇ ಮೇಸ್ತ್ರಿಯನ್ನು ಬಿಟ್ಟರೆ ನಾಟಕಶಾಲೆಯೊಳಗೆ ನಮ್ಮಲ್ಲಿ ಯಾರೂ ಸಿಳ್ಳು ಹಾಕುವುದಿಲ್ಲ. ಹೊಸಬರು ಮೈಮರೆತು ಹಾಕಿದರೆ ಬೀದಿಗಟ್ಟಿ, ಮೂರು ಸುತ್ತು ಸುತ್ತಿಸಿ, ಉಗುಳಿಸಿ ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತೇವೆ.

"ಸಾಹೇಬ್ರೆ, ಇನ್ನೊಂದು ಮಾತು," ಎಂದೆ. "ಲೆಯಾಂದ್ರೊ ಆ ಹೊತ್ತಲ್ಲಿ ಆ ಜಾಗದಲ್ಲಿ ಇರಬಾರದಿತ್ತು. ನಾನು ಪಕ್ಕದ ಪರದೆ ಹತ್ರ ನಿಂತು ನೋಡ್ತಿದ್ದೆ. ಮುಂದೆ ನಿಂತು ಹಾಡ್ತಿದ್ದೋನು, ಯಾರೋ ಹೇಳಿದ ಹಾಗೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಬಾಗಿಲ ಕೆಳಗೇ ನಿಂತ. ಯಾಕೆ ಹೋದ?"

"ಕಾಲಿತ್ತು, ಹೋದ. ಕಂಬವೇನಮ್ಮ ಅವನು?" ದಫೇದಾರ ಗಡಿಯಾರ ನೋಡಿದ. "ಐದು ನಿಮಿಷ ಆಯ್ತು."

ಒತ್ತೊರೀನೊ ಬೇಡಿಯ ಕೈಯಲ್ಲೇ ನನ್ನ ಲಂಗದ ಅಂಚು ಹಿಡಿದುಕೊಂಡ. ಅವನ ಬೆರಳು ಒಂದೊಂದಾಗಿ ಬಿಡಿಸಿ ಹೊರಗೆ ಬಂದೆ. ಟಿಕೆಟ್ ಕಿಟಕಿಯ ಮೇಲಿನ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು.

*

ಸತ್ತವನ ಹೆಣ ಇಗರ್ಜಿಯಲ್ಲಿ, ಅವನ ಮೇಲಂಗಿ ನನ್ನ ತೊಡೆಯ ಮೇಲೆ. ಕಾರ್ನಿವಾಲ್ ಹಬ್ಬದ ಕೊನೆಯ ವಾರ ಆಟ ನಿಲ್ಲಿಸುವ ಮಾತೇ ಇಲ್ಲ. ಮೇಳದಲ್ಲಿ ಹಿಂದೆ ನಿಂತು ಹಾಡುತ್ತಿದ್ದ ನೆರೀನೊ ಎಂಬ ಕಡ್ಡಿಯನ್ನು ಎಳೆದು ನಾಯಕನನ್ನಾಗಿ ಮಾಡಿದ್ದರು. ಆ ಕಡ್ಡಿಗೆ ಹೊಂದುವಂತೆ ನಾನು ಅಂಗಿಯನ್ನು ಎರಡೂ ಮಗ್ಗುಲಲ್ಲಿ ಒಳಗೆ ಹಿಡಿಯಬೇಕಿತ್ತು. ಬೆಳಗ್ಗೆ ತಣ್ಣೀರಿನಲ್ಲಿ ರಕ್ತ ತೊಳೆದಿದ್ದೆ. ಕಾಲರಿನ ಹತ್ತಿರ ಇನ್ನೂ ಕಂದು ಕಲೆ ಉಳಿದಿತ್ತು. ಆ ಮನುಷ್ಯ ನನಗೆ ಮಾಡಿದ್ದನ್ನು ನಾನು ಮರೆತಿರಲಿಲ್ಲ, ಆದರೂ ಆ ಕಲೆಯನ್ನು ನೋಡಿದಾಗಲೆಲ್ಲ ಸೂಜಿ ನಿಲ್ಲುತ್ತಿತ್ತು.

ರಂಗದ ಮುಂದಿನ ಗೂಡಿನಿಂದ ಪ್ರಾಂಪ್ಟರ್ ಅಮಿಲ್ಕಾರೆ ತಲೆ ಹೊರಗೆ ಹಾಕಿದ. ನೆಲದಲ್ಲಿ ಕೊರೆದ ತೂತು, ಮೇಲೊಂದು ಮರದ ಮುಚ್ಚಳ. ಪ್ರೇಕ್ಷಕರಿಗೆ ಬೆನ್ನು, ಗಾಯಕರಿಗೆ ಮುಖ. ಅದರಲ್ಲಿ ಎದೆಮಟ್ಟ ಇಳಿದು ಕೂತು, ಗಾಯಕರು ಹಾಡಬೇಕಾದ ಸಾಲನ್ನು ಒಂದು ಉಸಿರು ಮುಂಚೆ ಪಿಸುಗುಟ್ಟುವುದು ಅವನ ಕಸುಬು. ನಮ್ಮಂಥ ಬಡ ಕಂಪನಿಯಲ್ಲಿ ವಾದ್ಯದವರ ಹಾಳೆಗಳನ್ನು ನಕಲು ಬರೆಯುವವನೂ ಅವನೇ, ತಾಲೀಮಿಗೆ ಮುಂಚೆ ಸ್ಟ್ಯಾಂಡುಗಳ ಮೇಲೆ ಇಡುವವನೂ ಅವನೇ.

"ತಿನ್ನು ಜೆಲಿಂದಾ," ಎಂದು ದಪ್ಪ ಬ್ರೆಡ್ ರೊಟ್ಟಿಯ ತುಂಡೊಂದನ್ನು ಮುರಿದು ಚಾಚಿದ. "ಖಾಲಿ ಹೊಟ್ಟೇಲಿ ದುಃಖ ಪಡೋಕೂ ಶಕ್ತಿ ಇರಲ್ಲ."

"ಗಂಟಲಲ್ಲಿ ಇಳಿಯಲ್ಲ ಅಮಿಲ್ಕಾರಣ್ಣ."

"ಇಳಿಯುತ್ತೆ. ಅಗಿ." ಅವನು ರೊಟ್ಟಿಯ ಒಳಗಿನ ಮೆತ್ತನೆ ಭಾಗವನ್ನು ಅಭ್ಯಾಸದಂತೆ ಬೆರಳಲ್ಲಿ ಉಂಡೆ ಮಾಡುತ್ತಿದ್ದ. "ಅಂಕೋನಾದ ಜಡ್ಜ್‌ಗಳು ಕಲ್ಲಲ್ಲ. ಹುಡುಗ ಕೋಪದಲ್ಲಿ ಮಾಡಿದ ಅಂತ ಹತ್ತು ವರ್ಷಕ್ಕೆ ಬಿಡಬಹುದು."

"ಅವನು ಮಾಡಿಲ್ಲ!"

"ಆಯ್ತಮ್ಮ, ಮಾಡಿಲ್ಲ."

ಹದಿನೆಂಟು ವರ್ಷದಿಂದ ನಾನು ಬಲ್ಲ ಮನುಷ್ಯ. ಹನ್ನೊಂದು ವರ್ಷದ ನನಗೆ ಈ ಕಂಪನಿಯಲ್ಲಿ ಸೂಜಿ ಹಿಡಿಸಿ ಕೂರಿಸಿದವನೇ ಇವನು. ಅವನ ಮೇಲೆ ರೇಗಿದ್ದಕ್ಕೆ ನನಗೇ ಕೆಟ್ಟೆನಿಸಿ, ರೊಟ್ಟಿ ಬಾಯಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಬಿರುಗಾಳಿ ಹಾಡಿನ ತಾಲೀಮು ಶುರುವಾಯಿತು. ಎರಡು ನಿಮಿಷವೂ ಆಗಿರಲಿಲ್ಲ, ವಾದ್ಯದವರನ್ನು ನಡೆಸುವ ಮೇಷ್ಟ್ರು ಕೋಲಿನಿಂದ ಸ್ಟ್ಯಾಂಡಿಗೆ ಬಾರಿಸಿ ನಿಲ್ಲಿಸಿದರು.

"ಎಲ್ಲಯ್ಯಾ ನನ್ನ ಕಿರುಕೊಳಲು? ಗಾಳಿ ಸೀಳಬೇಕಾದ ಕಡೆ ಬರೀ ಹೊಟ್ಟೆ ಗುಡುಗ್ತಾ ಇದೆ!"

"ಕ್ಷೌರದ ಕ್ವಿಂತೊ ಅಲ್ವಾ ಅದು ಊದೋನು? ಇವತ್ತು ಸಂತೆ," ಎಂದ ಊರಿನ ತುತ್ತೂರಿಯವನು. "ಹನ್ನೊಂದೂವರೆ ತನಕ ಅಂಗಡಿ ಬಿಟ್ಟು ಬರಲ್ಲ."

ಯಾವ ಊರಿಗೆ ಹೋದರೂ ಹೀಗೇ. ನಮ್ಮ ಜೊತೆ ಬರುವ ವಾದ್ಯದವರು ಎಂಟೇ ಜನ. ಉಳಿದವರೆಲ್ಲ ಆಯಾ ಊರಿನ ಬ್ಯಾಂಡಿನವರು. ಚಪ್ಪಲಿ ಹೊಲಿಯುವವನು, ಬಡಗಿ, ಕ್ಷೌರದವನು. ಪುಟಕ್ಕೆ ಮೂವತ್ತು ಅಪಸ್ವರ ಬರುತ್ತದೆ, ಮೇಷ್ಟ್ರು ಐದಕ್ಕೆ ಬೈದು ಇಪ್ಪತ್ತೈದನ್ನು ನುಂಗಿಕೊಳ್ಳುತ್ತಾರೆ.

"ಹಾಗಾದ್ರೆ ಎರಡನೇ ಅಂಕ ಹನ್ನೊಂದೂವರೆಗೆ! ಈಗ ಮೊದಲನೇದು!"

ನನ್ನ ಬಾಯಲ್ಲಿ ರೊಟ್ಟಿ ಹಾಗೇ ನಿಂತಿತು. ಗಾಳಿ ಸೀಳಬೇಕಾದ ಕಡೆ. ನಿನ್ನೆ ಸೀಳಿತ್ತು. ನನ್ನ ಕಿವಿಯಲ್ಲೂ ಸೀಳಿತ್ತು, ನಾನು ಅದನ್ನು ಹಾಡಿನ ಭಾಗವೆಂದು ತಿಳಿದು ಸುಮ್ಮನಿದ್ದೆ. ಕೆಳಗೆ ನಿಂತ ನಮಗೆಲ್ಲ ಅದು ಸಂಗೀತ. ಅಟ್ಟದ ಮೇಲೆ ಕತ್ತಲಲ್ಲಿ ಹಗ್ಗ ಹಿಡಿದು, ಸಿಳ್ಳೊಂದನ್ನೇ ಕಾಯುತ್ತಾ ಕೂತವನಿಗೆ?

"ಅಮಿಲ್ಕಾರಣ್ಣ, ನಿನ್ನೆ ಕಿರುಕೊಳಲು ಬಂದಿತ್ತಲ್ವಾ?"

"ಬಂದಿತ್ತು. ಯಾಕೆ?"

 ಲೆಯಾಂದ್ರೊನ ಅಂಗಿಯನ್ನು ಗೂಡಿನ ಮುಚ್ಚಳದ ಮೇಲೆ ಒಗೆದು ಓಡಿದೆ.

*

ಕ್ವಿಂತೊ ಕಸಾಯಿಯೊಬ್ಬನ ಅರ್ಧ ಮುಖಕ್ಕೆ ನೊರೆ ಬಳಿದಿದ್ದ. ಬೆಂಚಿನ ಮೇಲೆ ಇನ್ನೂ ಐದು ಗಡ್ಡಗಳು ಸರದಿಯಲ್ಲಿದ್ದವು.

"ಹೆಂಗಸರಿಗೆ ಇಲ್ಲಿ ಏನೂ ಇಲ್ಲಮ್ಮ," ಎಂದ ತಿರುಗಿ ನೋಡದೆ.

"ನಿನ್ನ ಕೊಳಲಿನ ಹಾಳೆ ಎಲ್ಲಿ?"

"ನೀನ್ಯಾರು?"

"ನಾಟಕ ಕಂಪನಿಯ ದರ್ಜಿ. ನಿನ್ನೆ ಹಗ್ಗ ಬಿಟ್ಟನಲ್ಲ, ಅವನ ಅಕ್ಕ."

ಕತ್ತಿ ಗಾಳಿಯಲ್ಲೇ ನಿಂತಿತು. ಕಸಾಯಿ ಕನ್ನಡಿಯಲ್ಲಿ ನನ್ನನ್ನು ನೋಡಿ, "ಕೊಡಯ್ಯಾ, ಏನೋ ಕೇಳ್ತಿದಾಳೆ, ನನ್ನ ಕತ್ತು ಆಮೇಲೆ ನೋಡ್ಕೊಂಡ್ರಾಯ್ತು," ಎಂದ.

ನಿನ್ನೆಯ ಗಲಾಟೆಯಲ್ಲಿ ಕ್ವಿಂತೊ ಹಾಳೆಯನ್ನು ಕೊಳಲಿನ ಪೆಟ್ಟಿಗೆಗೇ ತುರುಕಿಕೊಂಡು ಮನೆಗೆ ಬಂದಿದ್ದ. ತೆಗೆದು ಬಿಡಿಸಿದ. ನನಗೆ ಸ್ವರ ಓದಲು ಬರುವುದಿಲ್ಲ. ಆದರೆ ಒಂದೇ ಬಟ್ಟೆಯ ಮೇಲೆ ಎರಡು ಬಗೆಯ ದಾರ ಓಡಿದ್ದರೆ ನನ್ನ ಕಣ್ಣು ತಪ್ಪುವುದಿಲ್ಲ. ಹಾಳೆ ತುಂಬ ಕಪ್ಪು ಶಾಯಿ. ಎರಡನೆಯ ಪುಟದ ನಡುವೆ, ಖಾಲಿ ಇರಬೇಕಾದ ಜಾಗದಲ್ಲಿ, ಎರಡು ಚುಕ್ಕೆ ಮಾತ್ರ ಪೆನ್ಸಿಲಿನವು.

"ಇದು?"

"ಅದಾ? ಎರಡು ಮೇಲಿನ ಸ್ವರ. ಗಿಡ್ಡದ್ದು, ಜೋರಾಗಿ."

"ಮೊನ್ನೆ ಇತ್ತಾ?"

"ಮೊನ್ನೆ..." ಅವನು ಗಲ್ಲ ಕೆರೆದುಕೊಂಡ. "ಮೊನ್ನೆ ಇರಲಿಲ್ಲ. ನಿನ್ನೆ ಮಧ್ಯಾಹ್ನ ಕೂತಾಗ ಕಂಡೆ. ಮೇಷ್ಟ್ರು ಸೇರಿಸಿದಾರೆ ಅಂದ್ಕೊಂಡೆ. ನೋಡಮ್ಮ, ನಾನು ಹನ್ನೆರಡು ವರ್ಷದಿಂದ ಊದ್ತಿದೀನಿ, ಮದುವೆಗೆ, ಮೆರವಣಿಗೆಗೆ, ಹೆಣಕ್ಕೆ. ಹಾಳೆ ಮೇಲೆ ಇದ್ದದ್ದು ಊದ್ತೀನಿ. ನೊಣ ಕೂತಿದ್ರೆ ನೊಣಾನೂ ಊದ್ತೀನಿ."

ಬೆಂಚಿನವರು ನಕ್ಕರು.

"ಅದನ್ನ ಒಂದ್ಸಲ ಊದು."

ಅವನು ಕೈಯೊರೆಸಿ, ಕೊಳಲು ಜೋಡಿಸಿ ಊದಿದ. ಎರಡು ಗಿಡ್ಡ ಸ್ವರ. ಕಣ್ಣು ಮುಚ್ಚಿ ಕೇಳಿದ್ದರೆ ಮೇಸ್ತ್ರಿ ಬಾಲ್ದೊ ನನ್ನ ಹಿಂದೆ ನಿಂತು ಸಿಳ್ಳು ಹಾಕಿದನೆಂದು ಆಣೆ ಮಾಡುತ್ತಿದ್ದೆ. ಬೆಂಚಿನ ಮೇಲೆ, ಇಬ್ಬರು ಗಡ್ಡದವರ ನಡುವೆ ಕೂತುಬಿಟ್ಟೆ.

ಕ್ವಿಂತೊ ಮೊದಲು ನನ್ನನ್ನು ನೋಡಿದ, ಆಮೇಲೆ ಕೊಳಲನ್ನು. ಅವನಿಗೂ ಅರ್ಥವಾಯಿತು. ಮುಖದ ಬಣ್ಣ ಇಳಿಯಿತು.

"ಅಂದ್ರೆ... ಆ ಮನುಷ್ಯನ್ನ... ನಾನಾ?"

"ನೀನಲ್ಲಪ್ಪ. ಇದನ್ನ ಗೀಚಿದೋನು."

"ಊದಿದ್ದು ನನ್ನ ಬಾಯಿ!"

"ಕ್ವಿಂತೊ, ನನ್ನ ಮಾತು ಕೇಳು. ನನ್ನ ತಮ್ಮ ಜೈಲಿಗೆ ಹೋಗ್ತಿದಾನೆ. ಹನ್ನೆರಡೂವರೆಗೆ. ಇದೇ ಮಾತನ್ನ ದಫೇದಾರ್‌ಗೆ ಹೇಳು, ಸಾಕು."

"ಹಾಳೆ ತಗೊಂಡು ಹೋಗು," ಅವನು ಅದನ್ನು ಎರಡೇ ಬೆರಳಲ್ಲಿ ಹಿಡಿದು ನನ್ನ ಮಡಿಲಿಗೆ ಹಾಕಿದ. "ನಾನು ಬರ್ತೀನಿ. ಹನ್ನೊಂದೂವರೆಗೆ ಬರ್ತೀನಿ. ಈಗ ಹೋಗಮ್ಮ, ನನ್ನ ಕೈ ನಡುಗ್ತಿದೆ, ಇವರ ಕತ್ತು ಕುಯ್ದುಬಿಟ್ಟೇನು."

ಕಸಾಯಿ ನೊರೆ ಮುಖದಲ್ಲೇ ಎದ್ದು ನಿಂತ.

*

ದಫೇದಾರ ಹಾಳೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದ. ಒತ್ತೊರೀನೊ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಿದ್ದ.

"ಇದರಲ್ಲಿ ನನಗೆ ಕಾಣೋದು ಇರುವೆ ಸಾಲು," ಎಂದ ದಫೇದಾರ. "ಎರಡು ಇರುವೆ ಪೆನ್ಸಿಲಿನದು, ಒಪ್ಪಿದೆ. ಯಾರು ಬರೆದದ್ದು? ನೀನೇ ದಾರೀಲಿ ಬರೆದಿದ್ರೆ?"

"ಸಾಹೇಬ್ರೆ, ನನಗೆ ಸ್ವರ ಬರಲ್ಲ!"

"ಚುಕ್ಕೆ ಇಡೋಕೆ ಬರುತ್ತಲ್ಲ. ಅಕ್ಕ ತಂದ ಕಾಗದ ಇಟ್ಕೊಂಡು ಅಂಕೋನಾದಲ್ಲಿ ನಾನು ನಿಂತ್ರೆ ನನ್ನನ್ನೇ ಕೋಡಂಗಿ ಮಾಡ್ತಾರೆ." ಹಾಳೆಯನ್ನು ನನ್ನ ಕೈಗಿತ್ತ. ಮೂಗು ಹಿಂಡಿಕೊಂಡು ಸ್ವಲ್ಪ ಯೋಚಿಸಿದ. ಒರಟ ನಿಜ, ಆದರೆ ಕೆಟ್ಟವನಲ್ಲ. "ಹನ್ನೊಂದೂವರೆಗೆ ಅದೇ ಹಾಡು ಇದೆಯಲ್ಲ? ಅದೇ ಕ್ಷೌರದೋನು, ಅದೇ ಹಾಳೆ. ಮೇಲೆ ಇವತ್ತು ಬೇರೆ ಆಳು ಕೂತಿದಾನೆ, ಅವನಿಗೆ ಏನೂ ಹೇಳೋದು ಬೇಡ. ಕೊಳಲು ಊದಿ ಬಾಗಿಲು ಬಿತ್ತೋ, ನಿನ್ನ ತಮ್ಮನ ಬೇಡಿ ತೆಗೀತೀನಿ. ನನ್ನ ಕಿವಿ ಕೇಳ್ಬೇಕು, ನನ್ನ ಕಣ್ಣು ನೋಡ್ಬೇಕು."

"ಅದರ ಕೆಳಗೆ ನೆರೀನೊ ಇದ್ರೆ?"

"ಇರದ ಹಾಗೆ ನೋಡ್ಕೋ. ಅದು ನಿನ್ನ ಕೆಲಸ."

ಬಾಗಿಲಲ್ಲಿ ಅಮಿಲ್ಕಾರೆ ನಿಂತಿದ್ದ. ಲೆಯಾಂದ್ರೊನ ಅಂಗಿಯನ್ನು ತೋಳ ಮೇಲೆ ಹಾಕಿಕೊಂಡು ನನ್ನನ್ನು ಹುಡುಕಿ ಬಂದಿದ್ದನಂತೆ. ನಾನು ಅವನನ್ನು ಹೊರಗೆಳೆದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಹಾಳೆ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಪಾಪಿ," ಎಂದ ಮೆಲ್ಲಗೆ. "ಯಾರು ಮಾಡಿರಬಹುದು?"

"ಅದು ಆಮೇಲೆ. ಮೊದಲು ಒತ್ತೊರೀನೊ ಹೊರಗೆ ಬರಲಿ."

"ಸರಿ. ಹಾಳೆ ನನ್ನ ಹತ್ರ ಇರಲಿ. ನೀನು ಇಟ್ರೆ ಅಲ್ಲೇ ಗೀಚಿದಳು ಅಂತಾರೆ. ಸ್ಟ್ಯಾಂಡಿನ ಮೇಲೆ ಇಡೋದು ಹೇಗೂ ನನ್ನ ಕೆಲಸ, ಯಾರೂ ತಿರುಗಿ ನೋಡಲ್ಲ. ನೆರೀನೊಗೂ ನಾನೇ ಗೂಡಿನಿಂದ ಹೇಳ್ತೀನಿ, ಮುಂದಕ್ಕೆ ಬಾ ಅಂತ. ಗೂಡು ಹೇಳಿದ್ದನ್ನ ಯಾವ ಗಾಯಕ ಮೀರಿದಾನೆ ಹೇಳು?"

ಯಾರೂ ಮೀರಿಲ್ಲ. ದೀಪದ ಬೆಳಕಿಗೆ ಕಣ್ಣು ಕುಕ್ಕಿ, ಮುಂದಿನ ಸಾಲು ಮರೆತು, ಪ್ರಾಣ ಕೈಯಲ್ಲಿ ಹಿಡಿದು ನಿಂತ ಗಾಯಕನಿಗೆ ಆ ತೂತಿನಿಂದ ಬರುವ ಪಿಸುಮಾತೇ ದೇವರ ಮಾತು. ಹಾಡು ಅಂದರೆ ಹಾಡುತ್ತಾರೆ, ಮಂಡಿಯೂರು ಅಂದರೆ ಊರುತ್ತಾರೆ. ಆ ಮಾತು ಕೇಳಿ ನನಗೆ ಧೈರ್ಯ ಬಂತು. ಎರಡು ದಿನದಲ್ಲಿ ಮೊದಲ ಬಾರಿ ಅತ್ತೆ, ಅಮಿಲ್ಕಾರೆಯ ಕೈ ಹಿಡಿದುಕೊಂಡು ಅತ್ತೆ. ಅವನು ನನ್ನ ತಲೆ ಸವರಿ, "ಹೋಗು, ಮುಖ ತೊಳ್ಕೋ," ಎಂದ.

*

ಹನ್ನೊಂದೂ ಮುಕ್ಕಾಲು. ದಫೇದಾರ ಮುಂದಿನ ಸಾಲಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಬೇಡಿಯ ಒತ್ತೊರೀನೊ. ನಾನು ನಿನ್ನೆ ನಿಂತಿದ್ದ ಜಾಗದಲ್ಲೇ, ಪಕ್ಕದ ಪರದೆಯ ಬಳಿ. ಕ್ವಿಂತೊ ಬಂದು ಕೂತಿದ್ದ, ಕಿವಿಯ ಹಿಂದೆ ಇನ್ನೂ ಸೋಪಿನ ನೊರೆ. ತಲೆಯ ಮೇಲೆ, ಕತ್ತಲಲ್ಲಿ, ಕೋಟೆಬಾಗಿಲು ತೂಗಾಡುತ್ತಿತ್ತು. ಅದರ ಹಗ್ಗ ಈಗ ಗಾಸ್ಪಾರೆ ಎಂಬ ಮುದಿ ನಾವಿಕನ ಕೈಯಲ್ಲಿ.

ನೆರೀನೊಗೆ ಯಾರೂ ಮುಂದೆ ಬಾ ಎನ್ನಬೇಕಾದ ಅಗತ್ಯವೇ ಇರಲಿಲ್ಲ. ನಿನ್ನೆಯಿಂದ ಅವನು ಆ ಬಾಗಿಲಿನ ನಾಲ್ಕು ಮಾರು ಹತ್ತಿರಕ್ಕೂ ಸುಳಿದಿರಲಿಲ್ಲ. ದೀಪದ ಸಾಲಿಗೆ ಕಾಲು ತಗುಲುವಷ್ಟು ಮುಂದೆ ನಿಂತು ಹಾಡುತ್ತಿದ್ದ.

ಬಿರುಗಾಳಿ ಎದ್ದಿತು. ನಗಾರಿ, ತಾಳ, ಪಿಟೀಲುಗಳೆಲ್ಲ ಒಟ್ಟಿಗೆ ಮೇಲೆ ಬಿದ್ದವು. ನಾನು ಕ್ವಿಂತೊನ ತುಟಿಗಳನ್ನೇ ನೋಡುತ್ತಿದ್ದೆ. ಮೊದಲ ಪುಟ ಮುಗಿಯಿತು. ಮಗುಚಿದ. ಈಗ, ಎಂದುಕೊಂಡೆ. ಈಗ.

ಕ್ವಿಂತೊ ಕೊಳಲನ್ನು ತುಟಿಗೆ ತಂದ. ಹಾಳೆಯ ಮೇಲೆ ಬಾಗಿದ. ಹುಬ್ಬು ಗಂಟಿಕ್ಕಿದ. ಕೊಳಲು ಕೆಳಗಿಳಿಸಿದ.

ಬಿರುಗಾಳಿ ತನ್ನ ಪಾಡಿಗೆ ಬೀಸಿ ಅಡಗಿತು. ಮೇಸ್ತ್ರಿಯ ಸಿಳ್ಳಿನ ಸರದಿ ಇನ್ನೂ ಬಂದಿರಲಿಲ್ಲ, ಕೋಟೆಬಾಗಿಲು ಮೇಲೆಯೇ ಇತ್ತು.

"ನಿಲ್ಲಿಸಿ!" ಎಂದು ಕಿರುಚಿದವಳು ನಾನೇ. ಮೇಷ್ಟ್ರ ಕೋಲು ಗಾಳಿಯಲ್ಲಿ ನಿಂತಿತು. "ಕ್ವಿಂತೊ, ಯಾಕೆ ಊದಲಿಲ್ಲ?"

"ಇಲ್ಲಮ್ಮ... ಇಲ್ಲಿ ಏನೂ ಇಲ್ಲ."

ದಫೇದಾರ ಎದ್ದು ಬಂದು ವಾದ್ಯದವರ ಕಟಕಟೆಗೆ ಒರಗಿದ. "ಏನಯ್ಯಾ ಕ್ಷೌರದೋನೆ, ನಿನ್ನೆ ಇಲ್ಲಿ ನೀನು ಎರಡು ಸಿಳ್ಳಿನ ಹಾಗೆ ಊದಿದೆಯಂತೆ. ಹೌದಾ? ಸರಿಯಾಗಿ ಯೋಚಿಸಿ ಹೇಳು. ಹೌದು ಅಂದ್ರೆ ನೀನೂ ರೈಲು ಹತ್ತಬೇಕಾದೀತು."

ಕ್ವಿಂತೊ ಹಾಳೆ ನೋಡಿದ, ಬೇಡಿ ನೋಡಿದ. ನನ್ನನ್ನು ಮಾತ್ರ ನೋಡಲಿಲ್ಲ.

"ಹಾಳೆ ಮೇಲೆ ಇದ್ದದ್ದು ಊದ್ತೀನಿ ಸಾಹೇಬ್ರೆ," ಎಂದ. "ಇದರ ಮೇಲೆ ಏನೂ ಇಲ್ಲ."

"ಕ್ವಿಂತೊ! ಬೆಳಗ್ಗೆ ನಿನ್ನ ಅಂಗಡೀಲಿ ಆರು ಜನರ ಮುಂದೆ ಊದಿದೆಯಲ್ಲೋ! ಹೆಂಡ್ತಿ ಮಕ್ಕಳ ಮೇಲೆ ಆಣೆ ಇಟ್ಟು ಹೇಳು!"

"ನೀನು ಊದು ಅಂದೆ, ಊದಿದೆ." ಅವನು ಕೊಳಲನ್ನು ಪೆಟ್ಟಿಗೆಗೆ ಇಡತೊಡಗಿದ. "ನನಗೂ ನಾಲ್ಕು ಮಕ್ಕಳಿದಾವಮ್ಮ."

ನಾನು ಅಲ್ಲಿಂದ ಧುಮುಕಿ ಹಾಳೆ ಕಿತ್ತುಕೊಂಡೆ. ಎರಡನೆಯ ಪುಟದ ನಡುವಿನ ಜಾಗ ಬೆಳ್ಳಗಿತ್ತು. ಸುತ್ತಲಿನ ಕಾಗದಕ್ಕಿಂತ ಒಂದಿಷ್ಟು ಹೆಚ್ಚೇ ಬೆಳ್ಳಗೆ, ಮೇಲ್ಮೈ ಒರಟಾಗಿ. ಮಡಿಕೆಯ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಉಗುರಿನಲ್ಲಿ ತೆಗೆದೆ. ರೊಟ್ಟಿಯ ಚೂರು. ಬೂದುಬಣ್ಣಕ್ಕೆ ತಿರುಗಿದ, ಉಂಡೆ ಮಾಡಿದ, ರೊಟ್ಟಿಯ ಮೆತ್ತನೆ ಚೂರು. ನಕಲು ಬರೆಯುವವರು ಪೆನ್ಸಿಲ್ ಗೀಟು ಅಳಿಸುವುದು ಅದರಲ್ಲೇ.

ನಿಧಾನವಾಗಿ ಗೂಡಿನ ಕಡೆ ತಿರುಗಿದೆ. ಮುಚ್ಚಳದ ನೆರಳಲ್ಲಿ ಅಮಿಲ್ಕಾರೆಯ ಮುಖ. ಅವನ ಮುಂದಿನ ಹಲಗೆಯ ಮೇಲೆ ಅಂಥವೇ ಏಳೆಂ‌ಟು ಬೂದು ಚೂರು.

ಯಾರೋ ಹೇಳಿದ ಹಾಗೆ ಎರಡು ಹೆಜ್ಜೆ ಹಿಂದಕ್ಕೆ ಹೋದ ಲೆಯಾಂದ್ರೊ. ಹೇಳಿದ್ದರು. ಹದಿನೆಂಟು ವರ್ಷದಿಂದ ನನ್ನ ಕಣ್ಣ ಮುಂದೆಯೇ ಇದ್ದ ಗೂಡು ಹಿಂದಕ್ಕೆ ಹೋಗು ಎಂದು ಪಿಸುಗುಟ್ಟಿತ್ತು. ಕೈಯಲ್ಲಿದ್ದ ಒಂದೇ ಸಾಕ್ಷಿಯನ್ನು ನಾನೇ, ಅಳುತ್ತಾ, ಅವನ ಕೈಗೆ ಕೊಟ್ಟಿದ್ದೆ.

"ಇವನು! ಸಾಹೇಬ್ರೆ, ಅಳಿಸಿದ್ದು ಇವನು! ನೋಡಿ, ರೊಟ್ಟಿ ಚೂರು, ಅಲ್ಲೂ ಇದೆ, ಇಲ್ಲೂ ಇದೆ!"

ಅಮಿಲ್ಕಾರೆ ದಫೇದಾರನನ್ನು ನೋಡಿ, ಮನೆಯಲ್ಲಿ ಹುಚ್ಚರಿರುವವರು ನೆರೆಯವರನ್ನು ನೋಡುವಂತೆ ತಲೆಯಾಡಿಸಿದ. "ಬೆಳಗ್ಗೆಯಿಂದ ಏನೂ ತಿಂದಿಲ್ಲ ಪಾಪ. ನಾನೇ ಅರ್ಧ ರೊಟ್ಟಿ ಕೊಟ್ಟೆ."

"ಸಾಕಮ್ಮ," ಎಂದ ದಫೇದಾರ. ಅವನ ದನಿಯಲ್ಲಿ ಕನಿಕರವಿತ್ತು, ಅದೇ ನನ್ನನ್ನು ಹೆಚ್ಚು ಹೆದರಿಸಿತು. "ರೊಟ್ಟಿ ಚೂರಿಗೆ ಯಾರನ್ನೂ ಹಿಡಿಯೋಕಾಗಲ್ಲ. ಏಳಯ್ಯಾ ಒತ್ತೊರೀನೊ. ಸ್ಟೇಷನ್ನು ದೂರ ಇದೆ."

ಒತ್ತೊರೀನೊ ಎದ್ದ. ಕೂಗಾಡಲಿಲ್ಲ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಈಗ ಸುಮ್ಮನೆ, ನನ್ನನ್ನೊಮ್ಮೆ ನೋಡಿ, ದಫೇದಾರನ ಹಿಂದೆ ಕುರ್ಚಿಗಳ ನಡುದಾರಿಯಲ್ಲಿ ನಡೆಯತೊಡಗಿದ. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನನ್ನ ತಲೆಯಲ್ಲಿ ಬೇರೆ ಯಾವ ವಿಚಾರವೂ ಉಳಿಯಲಿಲ್ಲ.

ರಂಗಕ್ಕೆ ಹಾರಿದೆ. ನೆರೀನೊ ದೀಪದ ಸಾಲಿನ ಬಳಿಯೇ ಇದ್ದ, ಬಾಗಿಲ ಕೆಳಗೆ ಯಾರೂ ಇರಲಿಲ್ಲ. ಎರಡು ಬೆರಳು ನಾಲಗೆಯ ಕೆಳಗಿಟ್ಟು, ಅಂಕೋನಾದ ಹಡಗುಕಟ್ಟೆಯ ಮೇಲೆ ಒತ್ತೊರೀನೊ ನನಗೆ ಕಲಿಸಿದ ಹಾಗೆ, ಹೊಟ್ಟೆಯಿಂದ ಊದಿದೆ.

ಎರಡು ಗಿಡ್ಡ ಸಿಳ್ಳು.

ಮೇಳದ ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ಮೇಲೆ ಹಗ್ಗ ಸರ್ರನೆ ಓಡಿತು. ಕೋಟೆಬಾಗಿಲು ಬಂದು ಹಲಗೆಗೆ ಅಪ್ಪಳಿಸಿತು. ಇಡೀ ನಾಟಕಶಾಲೆ ನಡುಗಿ ಧೂಳೆದ್ದಿತು.

ಧೂಳಿನ ಮೇಲಿಂದ, ಅಟ್ಟದ ಕತ್ತಲಿನಿಂದ, ಗಾಸ್ಪಾರೆಯ ಮುದಿ ದನಿ ಕೇಳಿಸಿತು. "ಏನಾಯ್ತು ಕೆಳಗೆ? ಸಿಳ್ಳು ಬಂತು, ಬಿಟ್ಟೆ!"

ನಡುದಾರಿಯಲ್ಲಿ ದಫೇದಾರ ನಿಂತ. ತಿರುಗಿದ. ಬಾಗಿಲನ್ನು ನೋಡಿದ, ಅಟ್ಟದ ಕಡೆ ನೋಡಿದ, ಒತ್ತೊರೀನೊನನ್ನು ನೋಡಿದ.

"ಕೇಳಿದ್ರಲ್ಲ ಸಾಹೇಬ್ರೆ?" ನನಗೆ ನಗುವೋ ಅಳುವೋ ತಿಳಿಯಲಿಲ್ಲ. "ಅದೇ ಮಾತು! ನನ್ನ ತಮ್ಮ ಹೇಳಿದ ಅದೇ ಮಾತು! ಸಿಳ್ಳು ಯಾರೇ ಹಾಕಲಿ, ಮೇಲಿದ್ದೋನು ಬಿಡ್ತಾನೆ! ಅವನ ತಪ್ಪಲ್ಲ!"

"ಕೇಳಿದೆ," ಎಂದ ದಫೇದಾರ. ನಿಧಾನವಾಗಿ ನಡೆದು ಬಂದು ರಂಗದ ಅಂಚಿಗೆ ಕೈಯಿಟ್ಟು ನಿಂತ. "ಬಾಲ್ದೊನನ್ನ ಬಿಟ್ರೆ ಈ ಕಂಪನೀಲಿ ಯಾರೂ ಸಿಳ್ಳು ಹಾಕಲ್ಲ ಅಂತ ನಲವತ್ತು ಜನ ನನಗೆ ಹೇಳಿದ್ರು. ಇಷ್ಟು ಚೆನ್ನಾಗಿ ಎಲ್ಲಿ ಕಲಿತೆಯಮ್ಮ?"

ನನಗೆ ಆಗ ಹೊಳೆಯಿತು. ಆಗ ಮಾತ್ರ.

"ನಿನ್ನೆ ಬಾಗಿಲು ಬಿದ್ದಾಗ ನೀನು ಎಲ್ಲಿ ನಿಂತಿದ್ದೆ ಅಂದೆ?"

"ಇಲ್ಲೇ," ಎಂದೆ. "ಪರದೆ ಹತ್ರ."

"ಲೆಯಾಂದ್ರೊ ಕೈ ಹಾಕಿದ್ದು ಯಾರ ಸೊಂಟಕ್ಕೆ?"

"ಅಕ್ಕಾ, ಮಾತಾಡ್ಬೇಡ!" ಒತ್ತೊರೀನೊ ಹಿಂದಿನಿಂದ ಕೂಗಿದ. "ಸಾಹೇಬ್ರೆ, ನಾನೇ ಮಾಡಿದ್ದು! ಸಿಳ್ಳು ಬಂದಿರಲಿಲ್ಲ, ಸುಳ್ಳು ಹೇಳಿದೆ! ನನ್ನನ್ನ ಕರ್ಕೊಂಡು ಹೋಗಿ!"

"ಸುಮ್ನಿರೋ." ದಫೇದಾರ ಜೇಬಿನಿಂದ ಬೀಗದ ಕೈ ತೆಗೆದ. "ನನ್ನ ಹತ್ರ ಇರೋದು ಒಂದೇ ಜೊತೆ ಬೇಡಿ. ಇಬ್ಬರಲ್ಲಿ ಒಬ್ಬರು ಇಲ್ಲೇ ಉಳೀತೀರಿ. ಯಾರು ಅಂತ ನಿಮ್ಮ ಬಾಯಿಂದಲೇ ಬರಲಿ."

ನಾನು ಗೂಡಿನ ಕಡೆ ನೋಡಿದೆ. ಅಮಿಲ್ಕಾರೆ ಹಲಗೆಯ ಮೇಲಿನ ಬೂದು ಚೂರುಗಳನ್ನು ಅಂಗೈಗೆ ಗುಡಿಸಿಕೊಂಡು ಬಾಯಿಗೆ ಹಾಕಿಕೊಂಡ. ಅಗಿದು ನುಂಗಿದ. ಆಮೇಲೆ ತಲೆಯೆತ್ತಿ, ಸಾಲು ಮರೆತು ನಿಂತ ಗಾಯಕಿಗೆ ಕೊಡುವ ಹಾಗೆಯೇ, ತುಟಿಗಳನ್ನು ಸ್ಪಷ್ಟವಾಗಿ, ಸದ್ದಿಲ್ಲದೆ ಆಡಿಸಿದ.

"ನಾನೇ, ಅನ್ನು."

ಬೀಗದ ಕೈ ಒತ್ತೊರೀನೊನ ಬೇಡಿಯ ಹತ್ತಿರ ಹೋಗಿ ನಿಂತಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಬಾಯಿ ತೆರೆದೆ.